ಸಾಲಿಗೆ ಹೋಗದ ಗ್ವಾಡಿ

ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ತ್ರಿಕೋನ ಕಲಿಸಿ ನಿವೃತ್ತನಾಗಿ, ಶಿರಗುಪ್ಪಿಯ ಅಪ್ಪನ ಮನೆಗೆ ಬಂದು ಕೂತವನು ನಾನು. ಉಪ್ಪಿನಕಾಯಿ ಭರಣಿ ಇಡಲು ಅಡುಗೆಮನೆಯಲ್ಲೊಂದು ಹಲಗೆ ಬೇಕಾಯಿತು. "ಬಡಿಗ್ಯಾರ ಕಾಕಾಗ ಹೇಳ್ರಿ" ಅಂದಿದ್ದಳು ಹೆಂಡತಿ. ಅದು ನನ್ನ ಕಿವಿಗೆ ಬೀಳಲೇ ಇಲ್ಲ. ಹಲಗೆಗೆ ಆಸರೆ ಕೊಡುವ ಬ್ರ್ಯಾಕೆಟ್ಟೆಂದರೆ ಏನು? ಒಂದು ಲಂಬಕೋನ ತ್ರಿಕೋನ. ಅದನ್ನು ನನಗೆ ಯಾರು ಹೇಳಿಕೊಡಬೇಕು?

ತೂತು ಕೊರೆಯುವ ಗಿರ್ಮಿಟ್ ತರಲು ಹುಬ್ಬಳ್ಳಿಗೆ ಹೋದೆ. ದುರ್ಗದ ಬೈಲಿನಲ್ಲಿ ಚುರುಮುರಿಯ ಗಿರ್ಮಿಟ್ ಎದುರಾಯಿತು. ಹಸಿಮೆಣಸಿನಕಾಯಿ ಕಚ್ಚುತ್ತ ಎರಡು ಪ್ಲೇಟ್ ತಿಂದೆ. ಬಂದ ಕೆಲಸ ನೆನಪಾದದ್ದು ಬಸ್ಸು ಊರು ಮುಟ್ಟಿದ ಮೇಲೆ.

ಹಿತ್ತಲಲ್ಲಿ ಹಳೆಯ ಕುಂಟೆಯ ಜಾಲಿ ದಿಂಡು ಬಿದ್ದಿತ್ತು. ಮೊದಲ ಮೊಳೆ ಬಗ್ಗಿತು, ಎರಡನೆಯದೂ ಬಗ್ಗಿತು. ಮೂರನೆಯದು ಒಳಗೆ ಹೋಯಿತು, ಕಟ್ಟಿಗೆ ಸೀಳಿತು. ಕೊನೆಗೆ ದಬ್ಬಣ ಕೆಂಪಗೆ ಕಾಯಿಸಿ ತೂತು ಸುಟ್ಟೆ. ಓರೆಯಾಗಿ ಕೂರುವ ಆಸರೆಯ ತುಂಡನ್ನು ಎಳೆಯ ಉದ್ದಕ್ಕೆ ಕೊಯ್ಯಬೇಕು. ನಾನು ಅಡ್ಡಕ್ಕೆ ಕೊಯ್ದೆ. ಕೈಯಲ್ಲಿ ಒತ್ತಿ ನೋಡಿದರೆ ಖಡಕ್ ರೊಟ್ಟಿಯ ಹಾಗೆ ಲಟಕ್ ಎಂದಿತು.

ಆದರೂ ನಾಲ್ಕನೇ ದಿನ ಎರಡು ಬ್ರ್ಯಾಕೆಟ್ ನಿಂತವು. ಗೋಡೆಗೊರಗುವ ಕಾಲು 20 ಸೆಂಟಿಮೀಟರ್, ಹಲಗೆ ಹೊರುವ ತೋಳು 15, ತುದಿಯಿಂದ ತುದಿಗೆ ಅಳೆದರೆ ಸರಿಯಾಗಿ 25. ಭಾರ ಬಿದ್ದಾಗ ಬ್ರ್ಯಾಕೆಟ್ಟಿನ ನೆತ್ತಿ ಗೋಡೆ ಬಿಟ್ಟು ಬರಲು ನೋಡುತ್ತದೆ, ಬುಡ ಗೋಡೆಯನ್ನೇ ಒತ್ತುತ್ತದೆ. ಅದಕ್ಕೇ ಕಾಲು ಉದ್ದ ಇರಬೇಕು ಎಂದು ಒಗ್ಗರಣೆ ಹಾಕುತ್ತಿದ್ದ ಹೆಂಡತಿಗೆ ವಿವರಿಸಿದೆ. ಅವಳು ಸಾಸಿವೆ ಕೇಳಿದಳು.

ಮಣ್ಣಿನ ಗೋಡೆಯಲ್ಲಿ ಗೂಟ ಹೊಡೆದು, ಅದಕ್ಕೆ ಸ್ಕ್ರೂ ಬಿಗಿದು, ಹಲಗೆ ಕೂರಿಸಿ, ಗಾಜಿನ ಭರಣಿ ಇಟ್ಟೆವು. ಭರಣಿಯಲ್ಲಿ ಎಣ್ಣೆ ಒಂದು ಕಡೆಗೆ ವಾಲಿ ನಿಂತಿತ್ತು, ಹಲ್ಲುನೋವಿನವನ ಕೆನ್ನೆ ಊದಿದ ಹಾಗೆ.

ಬಡಿಗ್ಯಾರ ಕಾಕಾ ಕರೆಯದೆಯೇ ಬಂದರು. (ಕರೆದವರು ಯಾರೆಂದು ನನಗೆ ಗೊತ್ತು.) ಹಲಗೆಯ ಮೇಲೆ ಒಂದು ಲಿಂಬಿಹಣ್ಣು ಇಟ್ಟರು. ಅದು ಗಡಿಬಿಡಿಯಿಲ್ಲದೆ ಉರುಳುತ್ತ ಬಂದು ಹೆಂಡತಿಯ ಕಾಲ ಬಳಿ ಬಿತ್ತು. ದಾರಕ್ಕೆ ನಟ್ಟೊಂದನ್ನು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಟ್ಟರು. ಕೆಳಗೆ ನಟ್ಟಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು.

"ಮಾಸ್ತರ, ನಿಮ್ಮ ಮೂಲಿ ಬರೋಬರಿ ಐತ್ರಿ. ಗ್ವಾಡಿ ಸಾಲಿಗೆ ಹೋಗಿಲ್ಲ."

ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಅಪ್ಪನ ಮನೆಯ ಗೋಡೆ ಇಷ್ಟು ವರ್ಷ ಏಳುತ್ತ, ಕೂರುತ್ತ ಅಡುಗೆಮನೆಯೊಳಗೆ ಇಣುಕಿ ನೋಡುವ ಹಾಗೆ ಬಾಗಿದೆ. ನಾನೋ ಕಟ್ಟಿಗೆಯನ್ನು ಮಾತ್ರ ಅಳೆದಿದ್ದೆ.

ಕಾಕಾ ಜಾಲಿಯ ಚಕ್ಕೆಯೊಂದನ್ನು ಕೆತ್ತಿ ಬ್ರ್ಯಾಕೆಟ್ಟಿನ ಬುಡದ ಹಿಂದೆ ತುರುಕಿದರು, ಇನ್ನೊಂದಕ್ಕೂ ಒಂದು. ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಹಣ್ಣು ಇಟ್ಟಲ್ಲಿಯೇ ನಿಂತಿತು. ಹೆಂಡತಿ ಅದನ್ನು ಅಲ್ಲೇ ಬಿಟ್ಟಳು, ಬಂದವರಿಗೆಲ್ಲ ತೋರಿಸಲು. ಒಣಗಿದರೆ ಹೊಸದು ಇಡುತ್ತಾಳೆ.

ಈ ಬೇಸಿಗೆಯಲ್ಲಿ ಹಣ್ಣು ಮತ್ತೆ ಅಂಚಿನ ಕಡೆ ಮುಖ ಮಾಡಿದೆ. ಗಿರ್ಮಿಟ್ ತರುತ್ತೇನೆಂದು ಚೀಲ ಹಿಡಿದು ಹೊರಟೆ.

"ಈ ಸಲ ನನಗೂ ಒಂದು ಪ್ಲೇಟ್ ಕಟ್ಟಿಸಿಕೊಂಡು ಬರ್ರಿ" ಅಂದಳು.