ನಾಲ್ಕು ವಾರ ದಾಟಿದ ಕೆಮ್ಮಿನೊಡನೆ ಸಂದರ್ಶನ

ಮಕ್ಕಳಲ್ಲಿ ನಾಲ್ಕು ವಾರಕ್ಕೂ ಮೀರಿ ದಿನವೂ ಕಾಡುವ ಕೆಮ್ಮನ್ನು ವೈದ್ಯಶಾಸ್ತ್ರ ದೀರ್ಘಕಾಲದ ಕೆಮ್ಮೆಂದು ಕರೆಯುತ್ತದೆ. ಈ ಬಿರುದನ್ನು ಇತ್ತೀಚೆಗಷ್ಟೇ ಪಡೆದ ಕೆಮ್ಮೊಂದು ಸಂದರ್ಶನಕ್ಕೆ ಒಪ್ಪಿತಾದರೂ ಮೇಜಿನ ಮೇಲಿದ್ದ ಸಿರಪ್ ಬಾಟಲಿಯನ್ನು ಎತ್ತಿಡುವವರೆಗೆ ಬಾಯಿ ಬಿಡಲಿಲ್ಲ.

ಇಷ್ಟು ದಿನ ಠಿಕಾಣಿ ಹೂಡಿದ್ದೇಕೆ ಎಂಬ ಪ್ರಶ್ನೆಗೆ ಅದು, ತನ್ನನ್ನು ಓಡಿಸಲು ಹವಣಿಸುವವರಿದ್ದಾರೆಯೇ ಹೊರತು ವಿಚಾರಿಸುವವರಿಲ್ಲವೆಂದು ಗೊಣಗಿತು. ತಾನು ರೋಗವಲ್ಲ, ಶ್ವಾಸನಾಳಕ್ಕೆ ಬೇಡದ್ದನ್ನು ಹೊರದಬ್ಬುವ ಕಾವಲುಗಾರ. ಆದರೂ ಜನ ಔಷಧದಂಗಡಿಯ ಹುಡುಗನನ್ನು ಕೇಳುವುದು ‘ಯಾವ ಸಿರಪ್ಪು ಒಳ್ಳೇದು’ ಎಂದು ಮಾತ್ರ.

ಹಾಗಾದರೆ ಸೊಳ್ಳೆಬತ್ತಿಯ ಹೊಗೆಯೇ ಮೂಲವಲ್ಲವೇ ಎಂದು ಸಂದರ್ಶಕರು ಕೇಳಿದರು. ಕಿಟಕಿ ಮುಚ್ಚಿ ಮಕ್ಕಳ ಮಂಚದ ಕೆಳಗೆ ಬತ್ತಿ ಹಚ್ಚಿಡುವವರ ವಿರುದ್ಧ ಅವರದು ಹಳೆಯ ಹಗೆ. ಹೊಗೆಯೂ ಒಂದು ಕಾರಣವೆಂದು ಒಪ್ಪಿ ಕೆಮ್ಮು ತನ್ನ ದೂರಿಗೇ ಮರಳಿತು. ಕಫ ಗೊರಗೊರ ಎನ್ನುವ ಹಸಿಕೆಮ್ಮಾದರೆ ಶ್ವಾಸನಾಳದಲ್ಲಿ ಬ್ಯಾಕ್ಟೀರಿಯಾ ಬೀಡುಬಿಟ್ಟಿರಬಹುದು, ಅದಕ್ಕೆ ವೈದ್ಯರು ಸಾಮಾನ್ಯವಾಗಿ ಎರಡು ವಾರ ಆ್ಯಂಟಿಬಯೋಟಿಕ್ ಕೊಡುತ್ತಾರೆ. ರಾತ್ರಿ ಹಾಗೂ ಓಡಿದಾಗ ಸುಯ್ಯೆನ್ನುವ ಉಸಿರಿನೊಡನೆ ಬಂದರೆ ಆಸ್ತಮಾದ ಶಂಕೆ. ಮನೆಯಲ್ಲಿ ಕ್ಷಯರೋಗಿಯಿದ್ದು ಮಗು ತೂಕ ಕಳೆದುಕೊಳ್ಳುತ್ತಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ನಿದ್ದೆ ಹತ್ತಿದೊಡನೆ ಪೂರ್ತಿ ನಿಂತುಹೋಗುವುದು ಅಭ್ಯಾಸದ ಕೆಮ್ಮಿನ ಲಕ್ಷಣ. ಕಡಲೆಬೀಜ ತಿನ್ನುತ್ತ ಆಡುತ್ತಿದ್ದ ಮಗು ಒಮ್ಮೆಲೇ ಬಿಕ್ಕಿ ಕೆಮ್ಮಿದ್ದನ್ನು ಮನೆಯವರು ಮರೆತಿರುತ್ತಾರೆ. ಬೀಜ ಮಾತ್ರ ಹೆಚ್ಚು ಅಗಲವೂ ನೇರವೂ ಆದ ಬಲ ಶ್ವಾಸನಾಳದಲ್ಲಿ ಕೂತೇ ಇರಬಹುದು, ಅದನ್ನು ಯಾವ ಸಿರಪ್ಪೂ ಕರಗಿಸದು.

ಎತ್ತಿಟ್ಟ ಬಾಟಲಿಯ ಕಡೆಗೆ ಮಾತು ತಿರುಗಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸುವ, ರುಚಿಗೆ ಸಿಹಿಯಾದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಔಷಧದಲ್ಲಿ ಶೇ. 0.1 ಮೀರಬಾರದು, ಆ ಸಿರಪ್ಪಿನಲ್ಲಿ ಸಿಕ್ಕಿದ್ದು ಶೇ. 48.6. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಾಗ ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು. ಮುಂಬೈಯಲ್ಲಿ 1986ರಲ್ಲಿ, ಗ್ಯಾಂಬಿಯಾದಲ್ಲಿ 2022ರಲ್ಲಿ ಸಾವುಗಳಾದ ಮೇಲೂ ಪ್ರತಿ ಪೀಪಾಯಿಯ ದ್ರಾವಕವನ್ನು ಬಳಸುವ ಮೊದಲು ಪರೀಕ್ಷಿಸಬೇಕೆಂಬ ಸಾಮಾನ್ಯ ಶಿಸ್ತು ಪಾಲನೆಯಾಗದಿದ್ದರೆ ಅದನ್ನು ಅಚಾತುರ್ಯವೆಂದು ಕರೆಯಲಾಗದು. ನೆಗಡಿ-ಕೆಮ್ಮಿನ ಒಂದು ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದರು. ಆ ಮಾತು ಅಂಗಡಿಯ ಗಲ್ಲೆಯವರೆಗೂ ಇಳಿದಿರಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಸಂದರ್ಶಕರು ಸೊಳ್ಳೆಬತ್ತಿಯ ಬಗ್ಗೆ ಕೊನೆಯದೊಂದು ಪ್ರಶ್ನೆಗೆ ಅಣಿಯಾದರು. ಬತ್ತಿಯನ್ನು ಧಾರಾಳವಾಗಿ ಆರಿಸಬಹುದು, ಆದರೆ ಮಗುವಿನ ಎದೆಯ ಎಕ್ಸ್‌ರೇ ಇದುವರೆಗೆ ಯಾರಾದರೂ ತೆಗೆಸಿದ್ದಾರೆಯೇ ಎಂದು ಕೆಮ್ಮು ತಿರುಗಿ ಕೇಳಿತು.