ಯಾವ ಔರಾದ್ ರೀ?

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾನ ಮಗಳ ಲಗ್ನದ ದಿವಸ ಅಂತರರಾಜ್ಯ ಗಡಿ ಉಲ್ಲಂಘನೆಯಾಯಿತು. ಲಗ್ನಪತ್ರಿಕೆಯಲ್ಲಿ ‘ಸ್ಥಳ: ಔರಾದ್’ ಅಂತಷ್ಟೇ ಅಚ್ಚಾಗಿತ್ತು. ಔರಾದ್ ಎರಡಿವೆ. ಒಂದು ನಮ್ಮ ಬೀದರ್ ಜಿಲ್ಲೆಯ ತಾಲ್ಲೂಕು ಊರು, ಔರಾದ್ ಬಾರಹಳ್ಳಿ. ಇನ್ನೊಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆ ನಿಲಂಗಾ ತಾಲ್ಲೂಕಿನ ಔರಾದ್ ಶಹಾಜಾನಿ. ಭಾಲ್ಕಿಯಿಂದ ಹೊರಟ ಒಂದು ಕ್ರೂಸರ್ ತುಂಬ ನೆಂಟರು ಸೀದಾ ಶಹಾಜಾನಿಗೆ ಹೋಗಿ ಇಳಿದರು. ಅಲ್ಲೂ ಅವತ್ತು ಒಂದು ಲಗ್ನವಿತ್ತು. ಒಳಗೆ ಹೋದರು, ಹಣೆಗೆ ಕುಂಕುಮ ಹಚ್ಚಿಸಿಕೊಂಡರು, ಅಕ್ಕಿಕಾಳು ಒಗೆದರು, ಪಂಕ್ತಿಯಲ್ಲಿ ಕೂತು ಉಂಡರು, ಆಹೇರಿ ಕೊಟ್ಟು ಹೆಸರು ಬರೆಸಿದರು. ವರನನ್ನು ನೋಡಿಯೂ ಅನುಮಾನ ಬರಲಿಲ್ಲ. ಬಾಸಿಂಗ ಕಟ್ಟಿದ ಮೇಲೆ ಎಲ್ಲ ವರರೂ ಒಂದೇ. ಸಂಜೆ ಕಾಕಾ ಫೋನ್ ಹಚ್ಚಿ “ಯಾಕ ಬರಲಿಲ್ಲ?” ಎಂದು ಗದರಿದರೆ ನಮ್ಮ ಮಾವಶಿ ಅಂದಳಂತೆ: “ಬಂದಿದ್ದೆವಲ್ರೀ, ಊಟ ಛಲೋ ಇತ್ತು. ನೀವೇ ಎಲ್ಲೂ ಕಾಣಲಿಲ್ಲ.”

ಎರಡು ಸರ್ಕಾರಗಳು ಮೂರು ತಲೆಮಾರಿನಿಂದ ಹೊಡೆದಾಡುತ್ತಿರುವ ಗಡಿ ಇದೇ. ಅದರ ಮೇಲೆ ಹಾದು ಹೋಗಿ ಉಂಡು ಬಂದ ಹತ್ತು ಮಂದಿಗೂ, ಉಣಿಸಿದ ಮನೆಯವರಿಗೂ ಅದು ಎಲ್ಲಿತ್ತೆಂದು ತಿಳಿಯಲಿಲ್ಲ.

ಔರಾದ್‌ನವರಿಗೆ ಇನ್ನೊಂದು ಹಳೆಯ ಸಿಟ್ಟಿದೆ. ಮಹಾರಾಷ್ಟ್ರದವರದ್ದು ಒಂದು ಘೋಷಣೆ: ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿ ಸಹಿತ ಸಂಯುಕ್ತ ಮಹಾರಾಷ್ಟ್ರ ‘ಝಾಲಾಚ್ ಪಾಹಿಜೆ’, ಆಗಲೇಬೇಕು. ಐದು ಊರು, ಛಲೋ ಲಯ, ಕೊನೆಗೆ ಮುಷ್ಟಿ ಎತ್ತಲು ಸರಿಯಾದ ಜಾಗ. ಬೀದರ್, ಭಾಲ್ಕಿ ಎರಡೂ ಬಕಾರದ ಆಸುಪಾಸು ಹುಟ್ಟಿದ್ದರಿಂದ ಬದುಕಿಕೊಂಡವು. ಗಡಿಗೆ ಮೈ ಉಜ್ಜಿಕೊಂಡು ಕೂತದ್ದು ಔರಾದ್, ಅರ್ಧ ಸಂತೆ ಮರಾಠಿಯಲ್ಲೇ ಮಾಡುವುದು ಔರಾದ್. ಪ್ರಾಸಕ್ಕೆ ಬರಲಿಲ್ಲವೆಂದು ಬಿಟ್ಟರು. “ನಮಗ ಯಾಕ ಕೇಳಂಗಿಲ್ಲ ಅವರು? ನಾವೇನು ಬ್ಯಾಡಾದ ಮಕ್ಕಳೇನು?” ಎಂದು ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಹಿರಿಯರೊಬ್ಬರು ನನ್ನನ್ನೇ ತಪ್ಪಿತಸ್ಥನನ್ನಾಗಿ ಮಾಡಿ ಕೇಳಿದರು. ಮಹಾರಾಷ್ಟ್ರಕ್ಕೆ ಹೋಗುವ ಆಸೆ ಅವರಿಗೆ ಎಳ್ಳಷ್ಟೂ ಇಲ್ಲ. ಕೇಳಲಿಲ್ಲ ಎಂಬುದಷ್ಟೇ ದುಃಖ.

ವಿಶ್ವಸಂಸ್ಥೆಗೆ ಬರೆಯೋಣವೆಂದು ಅದೇ ಅಂಗಡಿಯಲ್ಲಿ ಠರಾವಾಯಿತು. ನಗಬೇಡಿ, ಈ ನೆಲ ಒಮ್ಮೆ ಅಲ್ಲಿಯ ಮೆಟ್ಟಿಲು ಹತ್ತಿ ಬಂದದ್ದೇ. 1948ರ ಆಗಸ್ಟ್ 21ರಂದು, ಆಗ ನಮ್ಮನ್ನಾಳುತ್ತಿದ್ದ ಹೈದರಾಬಾದ್ ನಿಜಾಮರ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು: ಭಾರತ ನಮ್ಮನ್ನು ನುಂಗಲು ಬರುತ್ತಿದೆ, ಬಿಡಿಸಿರಿ. ಮಂಡಳಿ ಪ್ಯಾರಿಸ್ಸಿನಲ್ಲಿ ‘ಹೈದರಾಬಾದ್ ಪ್ರಶ್ನೆ’ಯನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಭಾರತದ ಟ್ಯಾಂಕುಗಳು ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರಿನಲ್ಲಿ ಹೊರಟದ್ದು 13ಕ್ಕೆ. 17ರ ಸಂಜೆ ನಿಜಾಮರು ರೇಡಿಯೋದಲ್ಲಿ ಕದನ ನಿಲ್ಲಿಸಿದೆವೆಂದರು, 22ಕ್ಕೆ ದೂರನ್ನೂ ವಾಪಸ್ ತಗೊಂಡರು. ಪ್ಯಾರಿಸ್ಸಿನ ಪಂಚರು ಕೋಟು ಕಳಚಿ ಕಾಗದ ಬಿಚ್ಚುವಷ್ಟರಲ್ಲಿ ವಾದಿ ಪ್ರತಿವಾದಿ ಒಂದೇ ಮನೆಯವರಾಗಿದ್ದರು. ಕಡತ ಮಾತ್ರ ಮುಚ್ಚಲಿಲ್ಲ. ಕೊನೆಯ ಚರ್ಚೆ 1949ರ ಮೇ ತಿಂಗಳಿಗೇ ಮುಗಿದಿದ್ದರೂ ಮುಂದೆ ದಶಕಗಟ್ಟಲೆ ಮಂಡಳಿಯ ಬಾಕಿ ವಿಷಯಗಳ ಪಟ್ಟಿಯಲ್ಲಿ ಹೈದರಾಬಾದ್ ಕೂತೇ ಇತ್ತು. ಕೇಳುವವನೇ ಎದ್ದು ಹೋದ ಮೇಲೂ ಕಡತವನ್ನು ಜೀವಂತ ಇಡುವ ವಿದ್ಯೆ ನಮ್ಮ ತಹಶೀಲ್ ಕಚೇರಿಗೆ ಮಾತ್ರ ಗೊತ್ತೆಂದು ನಾನು ತಿಳಿದಿದ್ದೆ.

ನಿಜವಾಗಿ ಬಿಡಿಸುವವರು ಬೇಕಾಗಿದ್ದದ್ದು ಆ ವರ್ಷ, ಈ ಹಳ್ಳಿಗಳಲ್ಲಿ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ನಿಜಾಮರ ಪರದ ರಜಾಕಾರರು ಇನ್ನೂರರಷ್ಟು ಜನರನ್ನು ಕೊಂದರು. ಸೆಪ್ಟೆಂಬರ್ ಆದ ಮೇಲೆ ಸರದಿ ಮುಸಲ್ಮಾನರದಾಯಿತು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಗೋರ್ಟಾಕ್ಕೆ ದೊಡ್ಡ ಸ್ಮಾರಕ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆಗೆ ಒಂದೂವರೆ ತಿಂಗಳಿರುವಾಗ. ಸುಂದರಲಾಲ್ ವರದಿಗೆ ಆರು ದಶಕ ಕಪಾಟು ಸಿಕ್ಕಿತು. ಸತ್ತವರಲ್ಲಿ ಯಾರಿಗೆ ಕಲ್ಲು, ಯಾರಿಗೆ ಕಪಾಟು ಎಂಬುದನ್ನು ಬದುಕಿದ್ದವರ ಮತದಾರರ ಪಟ್ಟಿ ನೋಡಿ ಗೊತ್ತು ಮಾಡುತ್ತಾರೆ.

ಆಮೇಲೆ ಪಂಚರಿಗೆ ಬರವಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ 1955ರಲ್ಲಿ ಬೀದರ್ ಜಿಲ್ಲೆಯನ್ನು ಇಡಿಯಾಗಿ ತೆಲಂಗಾಣದ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇಡಿರಿ ಎಂದಿತು. ಅಂದರೆ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ, ಜಗಳವಾಡುತ್ತಿದ್ದ ಇಬ್ಬರನ್ನೂ ಬಿಟ್ಟು ಮೂರನೆಯವನಿಗೆ. 1956ರ ನವೆಂಬರ್ 1ಕ್ಕೆ ಜಿಲ್ಲೆಯನ್ನು ಹೋಳಿಗೆ ಮುರಿದ ಹಾಗೆ ಮೂರು ಮುರಿದರು: ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ, ಉದಗೀರ್, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಹಿಂದಿನ ದಿವಸದ ತನಕ ಎರಡೂ ಔರಾದ್ ಒಂದೇ ಜಿಲ್ಲೆಯವು. ನಮ್ಮ ಕ್ರೂಸರ್ ಮಂದಿ ಹಳೆಯ ನಕಾಶೆ ಹಿಡಿದು ಹೋಗಿದ್ದರು ಅನ್ನಬೇಕು.

ಶಾಂತಿಪಾಲನೆ ನಮ್ಮವರಿಗೆ ಬರುವುದಿಲ್ಲವೆಂದೇನಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯನವರು ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದವರು. 1964ರಲ್ಲಿ ಸೈಪ್ರಸ್ಸಿಗೆ ಹೋಗಿ ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆಯ ಪಡೆ ನಡೆಸಿದರು. ಅಲ್ಲಿ ಗ್ರೀಕರಿಗೂ ತುರ್ಕರಿಗೂ ನಡುವೆ ಬ್ರಿಟಿಷ್ ಸೇನಾಧಿಕಾರಿಯೊಬ್ಬ ನಕಾಶೆಯ ಮೇಲೆ ಹಸಿರು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದಿದ್ದ. ಆ ಗೆರೆ ಇನ್ನೂ ಇದೆ, ಕಾಯುವ ಪಡೆಯೂ ಇದೆ. ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಬೆಳಗಾವಿ ಬೇಕೆಂದು ಮಹಾರಾಷ್ಟ್ರದ ಸೇನಾಪತಿ ಬಾಪಟ್ ಉಪವಾಸ ಕೂತರು, ದಿಲ್ಲಿ ಗಡಬಡಿಸಿ ನಮ್ಮ ಗಡಿಗೂ ಒಬ್ಬರನ್ನು ನೇಮಿಸಿತು: ಮೆಹರ್‌ಚಂದ್ ಮಹಾಜನ್.

ಈ ಮಹಾಜನರ ಅನುಭವವನ್ನು ಒಮ್ಮೆ ನೋಡಿರಿ. 1947ರಲ್ಲಿ ಪಂಜಾಬ್ ಕತ್ತರಿಸಿದ ರ‍್ಯಾಡ್‌ಕ್ಲಿಫ್ ಅವರ ಗಡಿ ಆಯೋಗದಲ್ಲಿ ಸದಸ್ಯರು. ಅದು ಮುಗಿಯುತ್ತಲೇ, ಕಾಶ್ಮೀರ ಭಾರತಕ್ಕೆ ಸೇರಿದ ಆ ಅಕ್ಟೋಬರ್‌ನಲ್ಲಿ ಅಲ್ಲಿಯ ಪ್ರಧಾನಿ. ಪಂಜಾಬ್ ಮತ್ತು ಕಾಶ್ಮೀರ, ಎರಡೂ ಎಷ್ಟು ತಣ್ಣಗಾದವು ಎಂಬುದು ಜಗತ್ತಿಗೇ ಗೊತ್ತು. ಅಂಥ ಕೈಗುಣ ಇದ್ದವರನ್ನು ಹುಡುಕಿ 1966ರ ಅಕ್ಟೋಬರ್ 25ಕ್ಕೆ ನಮಗೆ ಕೊಟ್ಟರು. ಪಾಪ, ವರದಿಯನ್ನು ಮುದುಕರು ಹತ್ತೇ ತಿಂಗಳಲ್ಲಿ ಬರೆದು ಕೊಟ್ಟರು: ಬೆಳಗಾವಿ ಇದ್ದಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ ಸೇರಿ 264 ಊರು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಸೇರಿ 247 ಊರು ನಮಗೆ. ಮಹಾರಾಷ್ಟ್ರ ಒಲ್ಲೆ ಅಂದಿತು. ನಾವು ‘ಮಹಾಜನ್ ವರದಿಯೇ ಅಂತಿಮ’ ಎಂದು ಇವತ್ತಿಗೂ ಗೋಡೆಯ ಮೇಲೆ ಬರೆಯುತ್ತೇವೆ. ನಿಪ್ಪಾಣಿ ಕೊಡಬೇಕೆಂಬ ಪುಟ ಬಂದಾಗ ಮಾತ್ರ ನಮ್ಮ ಮುಖಂಡರಿಗೆ ಕೆಮ್ಮು ಬರುತ್ತದೆ. ಇಬ್ಬರೂ ಸೇರಿ ಒಪ್ಪಿಕೊಂಡ ಒಂದೇ ಅಂಶವೆಂದರೆ, ವರದಿಯನ್ನು ಜಾರಿ ಮಾಡಬಾರದು.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಾವೆಯ ಬಗ್ಗೆ ಬರೆಯುವುದು ಏನೂ ಇಲ್ಲ. ಅದರಲ್ಲಿ ಏನೂ ಆಗಿಲ್ಲ.

ಈ ಎಲ್ಲ ಪಂಚಾಯ್ತಿಯ ಕಳಸವೆಂದರೆ 2022ರ ನವೆಂಬರ್, ಡಿಸೆಂಬರ್. ನಮ್ಮ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರಿಗೆ ಮಹಾರಾಷ್ಟ್ರದ ಜತ್ ತಾಲ್ಲೂಕಿನ 40 ಹಳ್ಳಿ ನೆನಪಾದವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ಆ ಹಳ್ಳಿಯವರು ಎಂದೋ ಠರಾವು ಮಾಡಿದ್ದರು. (ಇದೇ ನ್ಯಾಯದಲ್ಲಿ ನಮ್ಮ ಊರುಗಳು ನಲ್ಲಿ ಬರುವ ದಿವಸ ಕರ್ನಾಟಕ, ಬಾರದ ದಿವಸ ಯಾವ ರಾಜ್ಯವಾದರೂ ಸರಿ.) ಅತ್ತ ನಮ್ಮ ಬಸ್ಸಿಗೆ ಮಸಿ ಬಿತ್ತು, ಇತ್ತ ಅವರ ಲಾರಿಗೆ ಕಲ್ಲು ಬಿತ್ತು. ಮಹಾರಾಷ್ಟ್ರದ ಇಬ್ಬರು ಗಡಿ ‘ಸಮನ್ವಯ’ ಸಚಿವರು ಬೆಳಗಾವಿಗೆ ಬರುತ್ತೇವೆಂದರು, ಬರಬೇಡಿರೆಂದು ನಮ್ಮವರು ಹೇಳಿದರು, ಅವರು ಬರಲಿಲ್ಲ. ಇಷ್ಟು ಯಶಸ್ವಿಯಾದ ಸಮನ್ವಯ ಇನ್ನೊಂದಿಲ್ಲ. ಬೀದರ್ ಕಡೆ ಬರುತ್ತೇವೆಂದು ಯಾರೂ ಹೆದರಿಸಲೂ ಇಲ್ಲ. ಡಿಸೆಂಬರ್ 14ಕ್ಕೆ ಅಮಿತ್ ಶಾ ಇಬ್ಬರೂ ಮುಖ್ಯಮಂತ್ರಿಗಳನ್ನು ದಿಲ್ಲಿಗೆ ಕರೆದು ಕೂಡಿಸಿದರು. ಕಡೆಗೆ ಮೂವರಂತೆ ಆರು ಮಂತ್ರಿಗಳ ಸಮಿತಿ, ಶಾಂತಿ ನೋಡಿಕೊಳ್ಳಲು ಹಿರಿಯ ಐಪಿಎಸ್ ಅಧಿಕಾರಿಯ ಕೈಕೆಳಗೆ ಇನ್ನೊಂದು ಸಮಿತಿ, ಕೋರ್ಟು ಹೇಳುವ ತನಕ ಒಬ್ಬರ ನೆಲವನ್ನು ಇನ್ನೊಬ್ಬರು ಕೇಳಕೂಡದು. ಇಬ್ಬರೂ ತಲೆಯಾಡಿಸಿ ಬಂದರು.

ಎಂಟು ದಿವಸ ತಡೆದರು. 22ಕ್ಕೆ ಬೆಳಗಾವಿಯಲ್ಲಿ ಕೂತ ನಮ್ಮ ವಿಧಾನಮಂಡಲ ಒಂದಿಂಚೂ ಕೊಡೆವೆಂದು ನಿರ್ಣಯ ಮಾಡಿತು. 27ಕ್ಕೆ ನಾಗಪುರದಲ್ಲಿ ಕೂತ ಅವರ ವಿಧಾನಮಂಡಲ 865 ಹಳ್ಳಿಗಳ ಜೊತೆ ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ್, ಭಾಲ್ಕಿಯ ಇಂಚಿಂಚೂ ಬೇಕೆಂದು ನಿರ್ಣಯ ಮಾಡಿತು. ಪುನಃ ಪ್ರಾಸ, ಪುನಃ ಔರಾದ್ ಹೊರಗೆ. ನಡುವೆ ಉದ್ಧವ್ ಠಾಕ್ರೆ ಕೋರ್ಟು ಹೇಳುವ ತನಕ ಈ ಪ್ರದೇಶವನ್ನು ಕೇಂದ್ರಾಡಳಿತಕ್ಕೆ ಕೊಡಿರೆಂದರು.

ಆ ಎರಡು ನಿರ್ಣಯಗಳ ನಡುವೆ, 23ಕ್ಕೆ, ಎಳ್ಳ ಅಮಾಸಿ ಇತ್ತು. ಭಾಲ್ಕಿ, ಔರಾದ್‌ನಲ್ಲಿ ಅವತ್ತು ಬಂದೂಕು ತೋರಿಸಿದರೂ ಒಬ್ಬರೂ ಮನೆಯಲ್ಲಿ ಸಿಗುವುದಿಲ್ಲ. ಗಂಗಾಳ, ಗಡಿಗೆ, ಮುದುಕರು, ಕೂಸು ಎಲ್ಲ ಹೊಲಕ್ಕೆ. ಭಜ್ಜಿ, ಸಜ್ಜಿ ರೊಟ್ಟಿ, ಹುಳಿ ಅಂಬಲಿ. ಕರೆಯದೆ ಬಂದವರಿಗೂ ಎಲೆ. ಗಡಿಯ ಆಚೆ ಲಾತೂರ್ ಸೀಮೆಯಲ್ಲಿ ಅದೇ ದಿವಸ, ಅದೇ ಭಜ್ಜಿ, ಅದೇ ಅಂಬಲಿ. ಹೆಸರು ಮಾತ್ರ ವೇಳ ಅಮಾವಾಸ್ಯೆ. ಬೆಳಗಾವಿಯ ಠರಾವನ್ನೂ ನಾಗಪುರದ ಠರಾವನ್ನೂ ತಂದು ಈ ಬದುವಿನ ಮೇಲೆ ಇಟ್ಟಿದ್ದರೆ ಅವತ್ತು ಭಜ್ಜಿ ಗಡಿಗೆ ಇಳಿಸಲು ಬಟ್ಟೆಗೆ ಬದಲು ಬಳಸುತ್ತಿದ್ದರು.

ಬರೀ ಬೈದರೆ ಅನ್ಯಾಯವಾಗುತ್ತದೆ, ಜಗಳದಿಂದ ಲಾಭವೂ ಇದೆ. 2020ರ ನವೆಂಬರ್‌ನಲ್ಲಿ, ಬಸವಕಲ್ಯಾಣದ ಉಪಚುನಾವಣೆ ಎದುರಿಗಿರುವಾಗ, ನಮ್ಮ ಸರ್ಕಾರಕ್ಕೆ ಮರಾಠರ ಮೇಲೆ ತಡೆಯಲಾಗದ ಪ್ರೀತಿ ಉಕ್ಕಿ 50 ಕೋಟಿ ರೂಪಾಯಿಯ ಅಭಿವೃದ್ಧಿ ಪ್ರಾಧಿಕಾರ ಸಾರಿತು. ಬೆಂಗಳೂರಿನವರು ಸಿಟ್ಟಾಗಿ ಬಂದ್ ಮಾಡಿದರು. 2023ರಲ್ಲಿ ಮಹಾರಾಷ್ಟ್ರಕ್ಕೆ ನಮ್ಮ ಕಡೆಯ 865 ಹಳ್ಳಿಗಳವರ ಆರೋಗ್ಯದ ಚಿಂತೆ ಹತ್ತಿ ತನ್ನ ಜ್ಯೋತಿರಾವ್ ಫುಲೆ ವಿಮಾ ಯೋಜನೆಯನ್ನು ಇಲ್ಲಿಗೂ ಚಾಚಿತು; ಇದಕ್ಕೆ ನಮ್ಮ ಮುಖ್ಯಮಂತ್ರಿ ಗುಡುಗಿದರು. ಜ್ವರದವನು ಹಣೆ ಮುಟ್ಟಿ ನೋಡಿಕೊಂಡ. ತನ್ನ ಜ್ವರ ಯಾವ ರಾಜ್ಯದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈ ಸೀಮೆಯಲ್ಲಿ ರಾಜಿ ಗೊತ್ತಿದ್ದವರು ಒಬ್ಬರಿದ್ದರು, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಸರ್ಕಾರಕ್ಕೆ ಬೇಕಾದದ್ದು ಫಲಕ, ಕೊಟ್ಟರು. ಮಕ್ಕಳಿಗೆ ಬೇಕಾದದ್ದು ಅಕ್ಷರ, ಅದನ್ನೂ ಕೊಟ್ಟರು. ಈಗ ಹೊರಗೆ ಕನ್ನಡ ಫಲಕ ಕಡ್ಡಾಯ. ಒಳಗೆ ಇಂಗ್ಲಿಷ್ ಮೀಡಿಯಂ.

ಇರಲಿ, ಕಾಕಾನ ಮನೆಯ ಗಡಿ ಪ್ರಕರಣ ಇನ್ನೂ ಮುಗಿದಿರಲಿಲ್ಲ. ಶಹಾಜಾನಿಯ ಬೀಗರು ಲಗ್ನದ ಗದ್ದಲ ಕಳೆದ ಮೇಲೆ ಆಹೇರಿ ವಹಿ ತೆಗೆದು ನೋಡಿದರೆ ಭಾಲ್ಕಿಯ ಹತ್ತು ಅಪರಿಚಿತ ಹೆಸರು. ಮುಯ್ಯಿ ತೀರಿಸದೆ ಬಿಡುವ ಮಂದಿಯಲ್ಲ ಅವರು. ವಹಿಯನ್ನು ಬಗಲಲ್ಲಿ ಹಿಡಿದು ಭಾಲ್ಕಿಗೆ ಬಂದು ಬಸ್‌ಸ್ಟ್ಯಾಂಡಿನಿಂದಲೇ ಒಂದೊಂದು ಹೆಸರು ಕೇಳುತ್ತ ಮಾವಶಿಯ ಬಾಗಿಲಿಗೆ ಮುಟ್ಟಿದರು. ಸೀರೆ, ಟವೆಲ್, ತೆಂಗಿನಕಾಯಿ. ಮಾವಶಿ ಒಂದಿಷ್ಟು ಕನ್ನಡ, ಒಂದಿಷ್ಟು ಮರಾಠಿ, ನಗು ಬಂದಾಗ ಉರ್ದು ಮಾತಾಡಿ ಅವರನ್ನು ಊಟಕ್ಕೆ ನಿಲ್ಲಿಸಿಕೊಂಡಳು. ಊಟ ಮುಗಿಯುವಷ್ಟರಲ್ಲಿ ಅವರಿಗೊಬ್ಬಳು ಹುಡುಗಿ ಇದ್ದಾಳೆಂದೂ ನಮ್ಮಲ್ಲೊಬ್ಬ ಹುಡುಗ ಇದ್ದಾನೆಂದೂ ಎರಡೂ ಕಡೆಗೆ ತಿಳಿಯಿತು.

ಮಾತುಕತೆ ಮೂರು ಸಲ ಮುರಿದು ನಾಲ್ಕು ಸಲ ಕೂಡಿತು. ಬಂಗಾರ ಎಷ್ಟೆಂಬಲ್ಲಿ ಒಮ್ಮೆ, ವರೋಪಚಾರದಲ್ಲಿ ಒಮ್ಮೆ, ಯಾರೋ ಮುದುಕನಿಗೆ ಮೊದಲು ಚಹಾ ಕೊಡಲಿಲ್ಲವೆಂದು ಒಮ್ಮೆ. ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಲಗ್ನ ಔರಾದ್‌ನಲ್ಲೇ ಎಂದು ನಿಕ್ಕಿಯಾಯಿತು. ಪತ್ರಿಕೆ ಹಾಕಿಸಲು ಕಾಕಾ ಅದೇ ಹಳೆಯ ಪ್ರೆಸ್ಸಿಗೆ ಹೋದರು. ಈ ಸಲ ಪ್ರೆಸ್ಸಿನ ಹುಡುಗ ಹುಷಾರಾಗಿದ್ದ. ಪೆನ್ನು ಎತ್ತಿ ಹಿಡಿದು ಕೇಳಿದ:

“ಯಾವ ಔರಾದ್ ರೀ, ಕಾಕಾ?”