ನೇತ್ರಬಿಂದು ಮೀಮಾಂಸೆ: ಮೂರು ತಾಲ್ಲೂಕುಗಳ ಸಂದರ್ಭದಲ್ಲಿ ಒಂದು ಸೈದ್ಧಾಂತಿಕ ಅವಲೋಕನ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಪ್ರೇರಣೆ

ಪ್ರತಿಜೀವಕಯುಕ್ತ ನೇತ್ರಬಿಂದುವಿನ ಅಧೋರೆಪ್ಪೀಯ ಸಂಸ್ಥಾಪನೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಜನಸಾಮಾನ್ಯರು ಇದನ್ನೇ "ಕಣ್ಣಿಗೆ ಡ್ರಾಪ್ಸ್ ಹಾಕೋದು" ಎನ್ನುತ್ತಾರೆ. ಅವರಿಗೆ ಸೈದ್ಧಾಂತಿಕ ಚೌಕಟ್ಟು ಇಲ್ಲ, ಆದ್ದರಿಂದ ಮೂರು ಪದದಲ್ಲಿ ಮುಗಿಸುತ್ತಾರೆ. ನಮಗೆ ಅಂಥ ಸೌಲಭ್ಯವಿಲ್ಲ.

ಅಧ್ಯಯನದ ಭೌಗೋಳಿಕ ವ್ಯಾಪ್ತಿಯನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಿಗೆ ಸೀಮಿತಗೊಳಿಸಲಾಗಿದೆ. ಕಾರಣಗಳು ಮೂರು. ಒಂದು, ಇಲ್ಲಿ ತೊಗರಿ, ಹತ್ತಿ, ಕಬ್ಬು ಬೆಳೆಯುತ್ತಾರೆ. ಕಣ್ಣಿಗೆ ಏನಾದರೊಂದು ಬೀಳುತ್ತಲೇ ಇರುತ್ತದೆ. ಎರಡು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿ ಧೂಳೇಳುತ್ತದೆ. ಮೂರು, ಕಣ್ಣಿನ ಡಾಕ್ಟರಿಗಾಗಿ ಹೋಗಬೇಕಾದ ಕಲಬುರಗಿ ಆಳಂದ ಮತ್ತು ಜೇವರ್ಗಿಯಿಂದ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ 60ರ ಮೇಲೆ. ಮೆಡಿಕಲ್ ಅಂಗಡಿ ಮಾತ್ರ ಬಸ್‌ಸ್ಟ್ಯಾಂಡಿನ ಎದುರಿಗೇ ಇರುತ್ತದೆ. ಈ ಮೂರನೆಯ ಕಾರಣವನ್ನು ಓದುಗರು ನೆನಪಿಟ್ಟುಕೊಳ್ಳತಕ್ಕದ್ದು. ಮುಂದೆ ಪ್ರಬಂಧದ ಭಾಷೆ ಕೆಡುವುದು ಅದರಿಂದಲೇ.

ಪ್ರೇರಣೆ ಒಂದು ಜಾಗೃತಿ ಕಾರ್ಯಕ್ರಮ. ಬ್ಯಾನರಿನ ಮೇಲೆ "ನೇತ್ರ ಸ್ವಾಸ್ಥ್ಯ ಸಂವರ್ಧನೆ" ಎಂದಿತ್ತು. ದೀಪ ಬೆಳಗಿದರು, ಶಾಲು ಹೊದಿಸಿದರು, ನೆನಪಿನ ಕಾಣಿಕೆ ಕೊಟ್ಟರು. ಮುಖ್ಯ ಅತಿಥಿಗಳು ಸಂಸ್ಕೃತ ಶ್ಲೋಕದಿಂದ ಆರಂಭಿಸಿ, ಅಂಕಿಅಂಶಗಳ ಮೂಲಕ ಹಾದು, ತಮ್ಮ ವಿದೇಶ ಪ್ರವಾಸದಲ್ಲಿ ಮುಕ್ತಾಯಗೊಳಿಸಿದರು. ಹಿಂದಿನ ಸಾಲಿನಿಂದ ರುಮಾಲು ಸುತ್ತಿದ ಮುತ್ಯಾ ಒಬ್ಬರು ಎದ್ದು, "ಸಾಹೇಬ್ರ, ಒಂದು ಹನಿ ಹಾಕಬೇಕೋ ಎರಡೋ?" ಎಂದು ಕೇಳಿದರು. ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ ಎಂದು ನಿರೂಪಕರು ಸಾರಿ ಎಲ್ಲರನ್ನೂ ಊಟಕ್ಕೆ ಕರೆದರು.

ಆ ಪ್ರಶ್ನೆಗೆ ಉತ್ತರ: ಒಂದು. ಈ ಪ್ರಬಂಧದಲ್ಲಿ ಉಳಿದದ್ದೆಲ್ಲ ವ್ಯಾಖ್ಯಾನ.

2. ಪೂರ್ವಪಕ್ಷ ಮತ್ತು ಅದರ ಖಂಡನೆ

2023ರ ಜುಲೈ, ಆಗಸ್ಟಿನಲ್ಲಿ ರಾಜ್ಯದ ತುಂಬ ಕಣ್ಣುಬೇನೆ ಎದ್ದಿತು. ಬೆಂಗಳೂರಿನವರಿಗೆ ಮದ್ರಾಸ್ ಐ, ನಮ್ಮವರಿಗೆ "ಕಣ್ಣು ಬಂದಾವ". ಆಗ ಎರಡು ದರ್ಶನಗಳು ಪ್ರಬಲವಾಗಿದ್ದವು.

ಮೊದಲನೆಯದು ದೃಷ್ಟಿಸಂಕ್ರಮಣವಾದ. ಕಣ್ಣು ಬಂದವನನ್ನು ನೋಡಿದರೆ ನೋಡಿದವನಿಗೂ ಬರುತ್ತದೆ ಎಂಬುದು ಇದರ ಪ್ರಮೇಯ. ಕಪ್ಪು ಕನ್ನಡಕ ಇದರ ಧರ್ಮಚಿಹ್ನೆ. ಕನ್ನಡಕ ಹಾಕಿಕೊಂಡ ತಮ್ಮ ಅದೇ ಕೈಯಿಂದ ಕಣ್ಣುಜ್ಜಿ, ಅದೇ ಟವೆಲ್ಲಿನಲ್ಲಿ ಮುಖ ಒರೆಸಿ ಅಣ್ಣನಿಗೆ ಕೊಡುವುದನ್ನು ಈ ಪಂಥ ಗಮನಿಸುವುದಿಲ್ಲ. ಬೇನೆ ಹರಡುವುದು ಕೈ, ಟವೆಲ್ಲು, ತಲೆದಿಂಬಿನಿಂದ, ನೋಟದಿಂದಲ್ಲ.

ಎರಡನೆಯದು ಸರ್ವಬಿಂದುವಾದ. ಕಣ್ಣು ಕೆಂಪಾದರೆ ಆಂಟಿಬಯೋಟಿಕ್ ಹನಿ ಹಾಕಬೇಕು ಎಂಬುದು ಇದರ ಏಕೈಕ ಸೂತ್ರ. ಖಂಡನೆ ಹೀಗೆ: ಊರಿಗೆ ಊರೇ ಕಣ್ಣು ಕೆಂಪು ಮಾಡಿಕೊಳ್ಳುವ ಬೇನೆಗೆ ಹೆಚ್ಚಾಗಿ ವೈರಸ್ ಕಾರಣ, ಅದರಲ್ಲೂ ಅಡೆನೊವೈರಸ್. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ಸಿಗೆ ಅದರ ಹಂಗೂ ಇಲ್ಲ, ಭಯವೂ ಇಲ್ಲ. ಒಂದೆರಡು ವಾರದಲ್ಲಿ ಅದು ತಾನಾಗಿ ಇಳಿಯುತ್ತದೆ. ಹನಿ ಹಾಕಿದವರು ಹನಿಯಿಂದ ಹೋಯಿತು ಎನ್ನುತ್ತಾರೆ, ಹಾಕದವರು ದೇವರ ದಯೆ ಎನ್ನುತ್ತಾರೆ. ತರ್ಕಶಾಸ್ತ್ರದ ಪ್ರಕಾರ ಎರಡನೆಯವರೇ ಸತ್ಯಕ್ಕೆ ಹತ್ತಿರ, ಖರ್ಚೂ ಇಲ್ಲ.

ಹಳದಿ ಪಿಸುರು ದಪ್ಪಗೆ ಸುರಿದು ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಯಾವುದೆಂದು ಹೇಳಬೇಕಾದವರು ಡಾಕ್ಟರು. ಕಟ್ಟೆಯ ಮೇಲಿನ ವಿದ್ವತ್ಸಭೆಯಲ್ಲ.

3. ಬಿಂದುಧಾರಕರ ಸಪ್ತವಿಧ ವರ್ಗೀಕರಣ

ಹನಿ ಹಾಕಿಕೊಳ್ಳುವವರಲ್ಲಿ ಏಳು ಪಂಥಗಳಿವೆ.

(ಅ) ಅಭಿಷೇಕ ಪಂಥ. ಒಂದಕ್ಕಿಂತ ನಾಲ್ಕು ಮೇಲು ಎಂದು ನಂಬಿದವರು. ರೆಪ್ಪೆಯೊಳಗೆ ಹಿಡಿಯುವುದೇ ಸುಮಾರು 30 ಮೈಕ್ರೋಲೀಟರ್. ಬಾಟಲಿಯ ಒಂದು ಹನಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಎರಡನೆಯ ಹನಿಯಿಂದ ಮುಂದೆ ನಡೆಯುವುದು ಕೆನ್ನೆಯ ಚಿಕಿತ್ಸೆ.

(ಆ) ಅವಿಭಕ್ತ ಕುಟುಂಬ ಪಂಥ. ಮನೆಗೊಂದೇ ಬಾಟಲಿ. ಮೂತಿ ಮೊದಲು ಮೊಮ್ಮಗನ ರೆಪ್ಪೆಗೆ ತಾಗುತ್ತದೆ, ಆಮೇಲೆ ಸೊಸೆಯ, ಆಮೇಲೆ ಆಯಿಯ. ಬಾಟಲಿಯೊಳಗೆ ಇಡೀ ವಂಶದ ರೋಗಾಣುಗಳು ಒಟ್ಟಿಗೆ ಸಂಸಾರ ಹೂಡುತ್ತವೆ.

(ಇ) ಪುರಾತತ್ವ ಪಂಥ. ಹೋದ ವರ್ಷದ ಬಾಟಲಿ ಗೋಡೆಯ ಮಾಡದಲ್ಲಿ ಇರುತ್ತದೆ. ಮೇಲೆ ಅಚ್ಚಾದ ತಾರೀಖು ಇನ್ನೂ ದಾಟಿಲ್ಲ ಎಂಬುದು ಇವರ ವಾದ. ಆ ತಾರೀಖು ಮುಚ್ಚಳ ಒಡೆಯದ ಬಾಟಲಿಗೆ. ಒಡೆದ ಮೇಲೆ ಸಾಮಾನ್ಯವಾಗಿ 28 ದಿನ, ಅಷ್ಟೆ. ಒಡೆದ ದಿನ ಬಾಟಲಿ ಮೇಲೆ ಪೆನ್ನಿನಿಂದ ತಾರೀಖು ಬರೆದರೆ ಈ ಪಂಥವೇ ಅಳಿದುಹೋಗುತ್ತದೆ.

(ಈ) ಅರ್ಧವಿರಾಮ ಪಂಥ. ಕೆಂಪು ಇಳಿದ ಮರುದಿನವೇ ಹನಿ ನಿಲ್ಲಿಸುವವರು. ಏಳು ದಿನ ಹಾಕಿ ಎಂದು ಡಾಕ್ಟರು ಹೇಳಿದ್ದರೆ ಏಳು ದಿನ ಹಾಕಬೇಕು. ಅರೆಬರೆ ಔಷಧಿಗೆ ಬದುಕುಳಿದ ಬ್ಯಾಕ್ಟೀರಿಯಾ ಆ ಔಷಧಿಗೇ ಪಳಗಬಹುದು.

(ಉ) ಈ ಪಂಥದಲ್ಲಿ ಮೂರು ಉಪಪಂಥಗಳು, ಒಂದೊಂದರಲ್ಲಿ... ಸಾಕು. ಆಳಂದದ ಯಾವುದೇ ಮನೆಯಲ್ಲಿ ಈ ನಾಲ್ಕೂ ಪಂಥದವರು ಒಂದೇ ಬಾಟಲಿ ಸುತ್ತ ಕೂತಿರುತ್ತಾರೆ. ವರ್ಗೀಕರಣದಿಂದ ಅವರಿಗೆ ಕವಡೆಕಾಸಿನ ಉಪಯೋಗವಿಲ್ಲ. ಉಳಿದ ಮೂರನ್ನು ಪಿಎಚ್‌ಡಿ ಮಾಡುವವರು ತುಂಬಿಕೊಳ್ಳಲಿ.

4. ಆಕರಗ್ರಂಥದ ಪಠ್ಯಸಮಸ್ಯೆ

ಈ ವಿಷಯದ ಮೂಲಗ್ರಂಥವೆಂದರೆ ಡಬ್ಬಿಯೊಳಗೆ ಮಡಚಿಟ್ಟ ಚೀಟಿ. ಅದರ ಅಕ್ಷರ ಎಳ್ಳಿಗಿಂತ ಸಣ್ಣದು, ಭಾಷೆ ಇಂಗ್ಲಿಷು. ಈ ಮೂರು ತಾಲ್ಲೂಕುಗಳ ಜನ ಕನ್ನಡ ಆಡುತ್ತಾರೆ, ಉರ್ದು ಆಡುತ್ತಾರೆ, ಗಡಿಯ ಕಡೆ ಮರಾಠಿ ಆಡುತ್ತಾರೆ. ಮೂರು ಭಾಷೆ ಬಲ್ಲವರಿಗೆ ನಾಲ್ಕನೆಯದರಲ್ಲಿ ಉಪದೇಶ. ಅದನ್ನು ಓದಲು ಕಣ್ಣು ನೆಟ್ಟಗಿರಬೇಕು; ಕಣ್ಣು ನೆಟ್ಟಗಿದ್ದವನು ಆ ಡಬ್ಬಿ ಯಾಕೆ ಕೊಳ್ಳುತ್ತಾನೆ?

ಶೇಖರಣೆಯ ಸೂತ್ರವೂ ಅದರಲ್ಲಿದೆ: ಉಷ್ಣತೆ ಇಂತಿಷ್ಟು ಮೀರಬಾರದು, ಕೆಲವಕ್ಕೆ 25 ಡಿಗ್ರಿ, ಕೆಲವಕ್ಕೆ 30. ಕ್ಲೋರಂಫೆನಿಕಾಲ್ ಹನಿಯನ್ನಂತೂ ಫ್ರಿಜ್ಜಿನಲ್ಲೇ ಇಡಬೇಕು. ಮೇ ತಿಂಗಳಲ್ಲಿ ಜೇವರ್ಗಿಯ ಪತ್ರಾಸಿನ ಮನೆಯೊಳಗೆ 25 ಡಿಗ್ರಿಯ ಜಾಗ ಎಲ್ಲಿದೆ ಎಂದು ಗ್ರಂಥಕಾರರು ತಿಳಿಸಿಲ್ಲ. ಫ್ರಿಜ್ಜು ಇಲ್ಲದವರು ಬಾಟಲಿಯನ್ನು ಬಿಸಿಲು ಬೀಳದ ಕಡೆ, ಒಲೆಯಿಂದ ದೂರ, ಮನೆಯ ಅತಿ ತಂಪಾದ ಮೂಲೆಯಲ್ಲಿ ಇಡಬೇಕು.

5. ಪ್ರಯೋಗಪದ್ಧತಿ

ಶಿರೋಭಾಗವನ್ನು ಪಶ್ಚಾದ್ದಿಶೆಗೆ ವಾಲಿಸಿ, ಅಧೋರೆಪ್ಪೆಯನ್ನು ತರ್ಜನಿಯಿಂದ ಅಪಕರ್ಷಿಸಿ, ತನ್ಮೂಲಕ ರೂಪುಗೊಂಡ ಕೋಶದಲ್ಲಿ ಬಿಂದುವನ್ನು...

ಇದನ್ನೇ ಒಬ್ಬ ಆಶಾ ಕಾರ್ಯಕರ್ತೆ ಅಂಗಳದಲ್ಲಿ ಕೂತು ಹೇಳಿದ ಬಗೆ ಇದು:

"ಆಯಿ, ಮೊದಲು ಸಾಬೂನು ಹಚ್ಚಿ ಕೈ ತೊಳ್ಕೊ. ಈಗ ತಲಿ ಹಿಂದಕ್ಕ ಮಾಡು, ಮ್ಯಾಲ ಜಂತಿ ನೋಡು. ತೆಳಗಿನ ರೆಪ್ಪಿ ಬಳ್ಳಿಂದ ಎಳಿ. ಚೀಲ ಆತು ನೋಡು, ಅದರಾಗ ಒಂದೇ ಹನಿ. ಬಾಟ್ಲಿ ಮೂತಿ ಕಣ್ಣಿಗಿ ಮುಟ್ಟಬಾರದು, ಬಳ್ಳಿಗಿ ಮುಟ್ಟಬಾರದು. ಈಗ ಕಣ್ಣು ಮುಚ್ಚು. ಹಿಂಡಬ್ಯಾಡ, ಸುಮ್ನ ಮುಚ್ಚು. ಮೂಗಿನ ಕಡಿ ಮೂಲ್ಯಾಗ ಬಳ್ಳು ಒತ್ತಿ ಹಿಡಿ."

"ಯಾಕ ಯವ್ವ?"

"ಇಲ್ಲಂದ್ರ ಗಂಟಲ್ದಾಗ ಕಹಿ ಇಳೀತದ. ಔಷಧಿ ಹೊಟ್ಟಿಗಿ ಹೋದ್ರ ಕಣ್ಣಿಗಿ ಏನು ಉಳೀತು?"

ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳವಿದೆ; ಒಂದೆರಡು ನಿಮಿಷ ಅಲ್ಲಿ ಒತ್ತಿ ಹಿಡಿದರೆ ಔಷಧ ಕಣ್ಣಿನಲ್ಲೇ ನಿಲ್ಲುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಮುಲಾಮು ಇದ್ದರೆ ಕೊನೆಗೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಬೇಕು. ಮಬ್ಬು ಹೋಗುವತನಕ ಗಾಡಿ ಹೊಡೆಯಬಾರದು. ಆ ಹೆಣ್ಣುಮಗಳಿಗೆ ಶಾಲು ಹೊದಿಸಿದವರು ಯಾರೂ ಇಲ್ಲ.

6. ವಿಶೇಷ ಪರಿಶಿಷ್ಟ: ಹೂವು

ಎಳ್ಳ ಅಮಾವಾಸ್ಯೆಯ ಆಜುಬಾಜು ತೊಗರಿ ರಾಶಿ. ಅಫಜಲಪುರದ ಕಡೆ ಕಬ್ಬು ಕಡಿಯುವ ಕಾಲವೂ ಅದೇ. ತೊಗರಿಕಡ್ಡಿ ಚುಚ್ಚುತ್ತದೆ, ಕಬ್ಬಿನ ಎಲೆಯಂಚು ಕರಿಗುಡ್ಡೆಯ ಮೇಲೆ ಗೀರುತ್ತದೆ. ಆ ಗೀರಿನಲ್ಲಿ ಬೂಷ್ಟು ಕೂರಬಹುದು. ಬೂಷ್ಟಿನ ಹುಣ್ಣಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಅದಕ್ಕೆ ನಟಾಮೈಸಿನ್‌ನಂಥ ಬೇರೆ ಔಷಧವೇ ಬೇಕು. ಯಾವ ಹುಣ್ಣೆಂದು ತಿಳಿಯಲು ಕಣ್ಣಿನ ಡಾಕ್ಟರು ಅದನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಮೆಡಿಕಲ್ ಅಂಗಡಿಯಲ್ಲಿ ನಡೆಯುವುದು ಬೇರೆ. "ಕಣ್ಣು ಕೆಂಪಾಗ್ಯದ, ಏನರ ಕೊಡು ತಮ್ಮಾ." ತಮ್ಮ ಕೊಡುವ ಬಾಟಲಿಯಲ್ಲಿ ಎಷ್ಟೋ ಸಲ ಆಂಟಿಬಯೋಟಿಕ್ ಜೊತೆಗೆ ಡೆಕ್ಸಾಮೆಥಸೋನ್ ಇರುತ್ತದೆ. ಅದು ಸ್ಟೆರಾಯ್ಡ್. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ಉರಿ ತಗ್ಗುತ್ತದೆ, ಅಂಗಡಿಯವನ ಕೈಗುಣ ಊರಲ್ಲೆಲ್ಲ ಹಬ್ಬುತ್ತದೆ. ಒಳಗೆ ಬೂಷ್ಟು ಆರಾಮಾಗಿ ಬೇರು ಬಿಡುತ್ತಿರುತ್ತದೆ. ಹರ್ಪಿಸ್ ವೈರಸ್ಸಿನ ಹುಣ್ಣಾಗಿದ್ದರೂ ಇದೇ ಕಥೆ. ವಾರಗಟ್ಟಲೆ ಹಾಕುತ್ತ ಹೋದರೆ ಕಣ್ಣೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಕಲಬುರಗಿಗೆ ಹೋಗುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ. "ಕಣ್ಣಾಗ ಹೂ ಬಿದ್ದದ" ಎನ್ನುತ್ತಾರೆ ಮನೆಯವರು, ಅದು ಹಣೆಬರಹ ಎಂಬಂತೆ.

ಹಣೆಬರಹವಲ್ಲ. ಈ ಹನಿಗಳು ಶೆಡ್ಯೂಲ್ ಎಚ್ ಅಥವಾ ಎಚ್1 ಪಟ್ಟಿಯ ಔಷಧಿಗಳು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಡಬ್ಬಿಯ ಮೇಲೇ ಬರೆದಿದೆ, ಅದೂ ಇಂಗ್ಲಿಷಿನಲ್ಲಿ. ಸಿಟ್ಟು ಬರುವುದು ಅಂಗಡಿಯ ಹುಡುಗನೊಬ್ಬನ ಮೇಲಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾದರೆ ಕೂಲಿಯವನು ಒಂದು ದಿನದ ಪಗಾರ ಬಿಡಬೇಕು, ಬಸ್ಸಿನ ಖರ್ಚು ಹೊಂದಿಸಬೇಕು, ರಾಶಿ ನಿಲ್ಲಿಸಬೇಕು. ಅವನು ಅಂಗಡಿಗೆ ಹೋಗುವುದು ಅಜ್ಞಾನದಿಂದ ಎಂದು ವಿಚಾರ ಸಂಕಿರಣಗಳಲ್ಲಿ ಹೇಳುತ್ತಾರೆ. ಅವನಿಗೆ ಲೆಕ್ಕ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಒಂದೇ: ಆ ಬಾಟಲಿ ಕಣ್ಣು ಕಳೆಯಬಲ್ಲದು ಎಂಬುದು. ಅದನ್ನು ಅವನ ಮಾತಿನಲ್ಲಿ ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೇ ನಮ್ಮಲ್ಲಿ ಸಮಯದ ಅಭಾವ.

7. ನಿರ್ಣಯ

ಸೈದ್ಧಾಂತಿಕ ಚೌಕಟ್ಟನ್ನು ಇಲ್ಲಿಗೆ ಮಡಚಿಡಲಾಗಿದೆ. ಓದು ಬರುವವರು ಮನೆಯಲ್ಲಿ ಓದು ಬಾರದವರಿಗೆ ಇಷ್ಟು ಹೇಳಿ. ಚೀಟಿ ಇಲ್ಲದೆ ಕಣ್ಣಿನ ಹನಿ ತರಬೇಡಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ. ಒಡೆದು ತಿಂಗಳಾದದ್ದನ್ನು ಎಸೆಯಿರಿ. ಹನಿ ಕೊಟ್ಟಾಗ "ಇದರಾಗ ಸ್ಟೆರಾಯ್ಡ್ ಅದ ಏನ್ರಿ?" ಎಂದು ಬಾಯಿಬಿಟ್ಟು ಕೇಳಿ. ಕಣ್ಣು ನೋಯುತ್ತಿದ್ದರೆ, ಬೆಳಕು ಚುಚ್ಚಿದರೆ, ನೋಟ ಮಬ್ಬಾದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ, ಹಸುಗೂಸಿನ ಕಣ್ಣಾದರೆ, ಕಡ್ಡಿಯೋ ಎಲೆಯೋ ತಾಗಿದ್ದರೆ ಮೆಡಿಕಲ್ ಅಂಗಡಿಯನ್ನು ದಾಟಿ ಬಸ್ಸು ಹತ್ತಿ. ಅದೇ ದಿನ ಹತ್ತಿ. ರಾಶಿ ಒಂದು ದಿನ ತಡೆಯುತ್ತದೆ, ಕಣ್ಣು ತಡೆಯುವುದಿಲ್ಲ.